ಗಿಡ ಸೊರಗಿದಾಗ ಮೊದಲು ಹವೆ ನೋಡಿ: ನಗರದ ಕೈತೋಟಕ್ಕೊಂದು ದೋಷ ನಿವಾರಣೆ ಕೈಪಿಡಿ

ಎಲೆ ಹಳದಿಯಾದ ಕೂಡಲೇ ಗೊಬ್ಬರ ಹಾಕುತ್ತೇವೆ. ಬಾಡಿದ ಕೂಡಲೇ ನೀರು ಸುರಿಯುತ್ತೇವೆ. ಮಚ್ಚೆ ಕಂಡರೆ ಔಷಧಿ ಹೊಡೆಯುತ್ತೇವೆ. ಕೈತೋಟದ ಗಿಡಗಳು ಸಾಯುವುದು ಎಷ್ಟೋ ಸಲ ರೋಗದಿಂದಲ್ಲ, ಈ ಅವಸರದ ಉಪಚಾರದಿಂದ. ಗಿಡದಲ್ಲಿ ಇವತ್ತು ಕಾಣುವ ಲಕ್ಷಣದ ಬೇರು ಕಳೆದ ಹತ್ತು ದಿನಗಳ ಬಿಸಿಲು, ಮಳೆ, ಗಾಳಿ, ರಾತ್ರಿಯ ಸೆಕೆ ಇವುಗಳಲ್ಲಿ ಇರುವುದೇ ಜಾಸ್ತಿ. ಅದಕ್ಕೇ ಈ ಕೈಪಿಡಿ ಪ್ರತಿ ಲಕ್ಷಣಕ್ಕೂ ಮೊದಲು ಹವೆಯನ್ನು ಕೇಳುತ್ತದೆ, ಆಮೇಲೆ ಮಣ್ಣನ್ನು, ಕೊನೆಗೆ ರೋಗ ಮತ್ತು ಕೀಟವನ್ನು. ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

ಮೊದಲು ಇಷ್ಟು ನೋಡಿಕೊಳ್ಳಿ

ಮುನ್ಸೂಚನೆಯಲ್ಲಿ ಹೇಳುವ ಉಷ್ಣಾಂಶ ನಿಮ್ಮ ತೋಟದ ಉಷ್ಣಾಂಶವಲ್ಲ. ಹವಾಮಾನ ಕೇಂದ್ರದ ಥರ್ಮಾಮೀಟರು ಬಯಲಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ನೆರಳಿನಲ್ಲಿ ಇರುತ್ತದೆ. ನಿಮ್ಮ ಗಿಡವೋ ಕಾಂಕ್ರೀಟ್ ನೆಲದ ಮೇಲೆ, ಬಿಸಿಲು ಬಡಿಯುವ ಗೋಡೆಯ ಪಕ್ಕದಲ್ಲಿ ಇರಬಹುದು. ಗೋಡೆ, ರಸ್ತೆ, ತಾರಸಿ ಹಗಲೆಲ್ಲ ಬಿಸಿ ಹೀರಿಕೊಂಡು ರಾತ್ರಿ ಅದನ್ನು ಬಿಡುತ್ತವೆ. ಲಂಡನ್ನಿನ ಹವೆಯನ್ನು ವರ್ಷಗಟ್ಟಲೆ ಅಳೆದ ಲ್ಯೂಕ್ ಹೋವರ್ಡ್, ಊರೊಳಗಿನ ರಾತ್ರಿ ಹೊರವಲಯದ ರಾತ್ರಿಗಿಂತ ಬೆಚ್ಚಗಿರುತ್ತದೆ ಎಂದು 19ನೇ ಶತಮಾನದ ಆರಂಭದಲ್ಲೇ ಗುರುತಿಸಿದ್ದರು. ಇದು ಮಹಾನಗರಕ್ಕೆ ಮಾತ್ರ ಸೇರಿದ ಮಾತಲ್ಲ. ಸಣ್ಣ ಊರಿನ ಒತ್ತೊತ್ತಾದ ಬೀದಿಯಲ್ಲೂ ಹೀಗೇ ಆಗುತ್ತದೆ.

ಎರಡು ಸಾಧನ ಇದ್ದರೆ ಅರ್ಧ ಕೆಲಸ ಮುಗಿದಂತೆ. ಒಂದು, ನೇರ ಗೋಡೆಯ ಖಾಲಿ ಡಬ್ಬಿ. ಅದನ್ನು ಮರ ಮತ್ತು ಸೂರಿನಿಂದ ದೂರ ಇಡಿ. ಮಳೆ ನಿಂತ ಮೇಲೆ ಒಳಗಿನ ನೀರಿನ ಎತ್ತರವನ್ನು ಸ್ಕೇಲಿನಲ್ಲಿ ಅಳೆಯಿರಿ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು ಬಿದ್ದಿದೆ ಎಂದರ್ಥ. "ನಿನ್ನೆ ಮಳೆ ಬಂತಲ್ಲ" ಅಂತ ನೀರು ಹಾಕದೆ ಬಿಟ್ಟವರು ಡಬ್ಬಿಯಲ್ಲಿ ಎರಡೇ ಮಿಲಿಮೀಟರ್ ಕಂಡರೆ ಆಶ್ಚರ್ಯಪಡುತ್ತಾರೆ. ಅಷ್ಟು ಮಳೆ ಎಲೆ ಒದ್ದೆ ಮಾಡುತ್ತದೆ, ಬೇರಿನ ತನಕ ಇಳಿಯುವುದಿಲ್ಲ. ಇನ್ನೊಂದು, ದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣಾಂಶವನ್ನು ನೆನಪಿಟ್ಟುಕೊಳ್ಳುವ ಥರ್ಮಾಮೀಟರು. ಇದನ್ನು ಗಿಡದ ಎತ್ತರದಲ್ಲೇ ನೆರಳಿಗೆ ತೂಗುಹಾಕಿ.

ಸಾಧನವೇ ಬೇಡದ ಪರೀಕ್ಷೆಗಳೂ ಇವೆ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ, ತೇವ ಇದೆಯಾ ನೋಡಿ. ಎಲೆ ಮಗುಚಿ ಕೆಳಗಿನ ಬದಿ ನೋಡಿ. ತೊಂದರೆ ಹಳೆಯ ಎಲೆಯಲ್ಲಿದೆಯೋ, ಚಿಗುರಿನಲ್ಲೋ? ಒಂದೇ ಗಿಡಕ್ಕೋ, ಸಾಲಿಗೋ, ಬೇರೆ ಬೇರೆ ಜಾತಿಯ ಎಲ್ಲ ಗಿಡಕ್ಕೋ? ರೋಗ ಸಾಮಾನ್ಯವಾಗಿ ಒಂದು ಜಾತಿಯನ್ನು ಹಿಡಿದು ನಿಧಾನವಾಗಿ ಹರಡುತ್ತದೆ. ಒಂದೇ ದಿನ ನಾಲ್ಕಾರು ಜಾತಿಯ ಗಿಡಗಳು ಒಟ್ಟಿಗೆ ಕೆಟ್ಟರೆ ಹವೆ, ನೀರು, ಇಲ್ಲವೇ ನೀವು ಹಾಕಿದ ಯಾವುದೋ ಪದಾರ್ಥದ ಮೇಲೆ ಅನುಮಾನ ಪಡಿ.

ಮಧ್ಯಾಹ್ನ ಬಾಡುತ್ತದೆ, ಸಂಜೆಗೆ ಎದ್ದು ನಿಲ್ಲುತ್ತದೆ

ಇದು ದೋಷವಲ್ಲ. ಸೌತೆ, ಕುಂಬಳದಂಥ ಅಗಲ ಎಲೆಯ ಬಳ್ಳಿಗಳು ಸುಡುಬಿಸಿಲಿನಲ್ಲಿ ಬೇರು ಎಳೆಯುವುದಕ್ಕಿಂತ ಹೆಚ್ಚು ನೀರನ್ನು ಎಲೆಯಿಂದ ಬಿಡುತ್ತವೆ. ಎಲೆ ಜೋತು ಬಿದ್ದರೆ ಬಿಸಿಲು ಬೀಳುವ ಜಾಗ ಕಡಿಮೆಯಾಗುತ್ತದೆ. ಸೂರ್ಯ ಇಳಿದ ಮೇಲೆ ತಾನೇ ಸರಿಹೋಗುತ್ತದೆ.

ಮಧ್ಯಾಹ್ನದ ನೋಟ ನೋಡಿ ನೀರು ಹಾಕಬೇಡಿ. ಬೆರಳು ಇಳಿಸಿ ನೋಡಿ. ಒಳಗೆ ತೇವ ಇದ್ದರೆ ಸುಮ್ನೆ ಬಿಡಿ. ದಿನವೂ ಹೀಗಾದರೆ ಬುಡಕ್ಕೆ ಎರಡು ಮೂರು ಇಂಚು ಒಣ ಎಲೆ ಅಥವಾ ಹುಲ್ಲಿನ ಹೊದಿಕೆ ಹಾಕಿ. ಹೊದಿಕೆ ಕಾಂಡಕ್ಕೆ ಅಂಟದಂತೆ ನಾಲ್ಕು ಬೆರಳು ಜಾಗ ಬಿಡಿ.

ಬೆಳಿಗ್ಗೆಯೇ ಬಾಡಿರುತ್ತದೆ

ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ರಾತ್ರಿಯಿಡೀ ಸಮಯವಿದ್ದರೂ ಗಿಡ ನೀರು ತುಂಬಿಕೊಳ್ಳಲಿಲ್ಲ ಎಂದಾಯಿತು.

ಮಣ್ಣು ಒಣಗಿದ್ದರೆ ದಾರಿ ಸುಲಭ, ಚೆನ್ನಾಗಿ ನೀರು ಕೊಡಿ. ಕುಂಡವಾದರೆ ಒಂದು ವಿಷಯ ಗಮನಿಸಿ. ತೀರಾ ಒಣಗಿದ ಕುಂಡದ ಮಣ್ಣು ಕುಗ್ಗಿ ಅಂಚು ಬಿಟ್ಟಿರುತ್ತದೆ. ಮೇಲಿನಿಂದ ಹಾಕಿದ ನೀರು ಆ ಸಂದಿಯಲ್ಲೇ ಇಳಿದು ತಳದ ತೂತಿನಿಂದ ಹೊರಗೆ ಬರುತ್ತದೆ, ನಡುವಿನ ಬೇರಿಗೆ ಸಿಗುವುದೇ ಇಲ್ಲ. ತಟ್ಟೆಗೆ ನೀರು ಬಂತು ಎಂದು ನಾವು ನಂಬಿಬಿಡುತ್ತೇವೆ. ಕುಂಡವನ್ನು ಎತ್ತಿ ನೋಡಿ. ನೀರು ಹಾಕಿದ ಮೇಲೂ ಹಗುರವಿದ್ದರೆ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಡಿ.

ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ನೀರು ಹಾಕುವುದನ್ನು ತಕ್ಷಣ ನಿಲ್ಲಿಸಿ. ಬೇರಿಗೂ ಗಾಳಿ ಬೇಕು. ನಾಲ್ಕೈದು ದಿನ ಬಿಡದೆ ಮಳೆ ಹಿಡಿದರೆ ಮಣ್ಣಿನ ಸಂದಿಗಳಲ್ಲೆಲ್ಲ ನೀರು ತುಂಬಿ ಬೇರು ಉಸಿರುಗಟ್ಟುತ್ತದೆ. ಉಸಿರುಗಟ್ಟಿದ ಬೇರು ನೀರು ಎಳೆಯುವುದಿಲ್ಲ. ಹಾಗಾಗಿ ನೀರಿನ ನಡುವೆಯೇ ಗಿಡ ಬಾಡುತ್ತದೆ. ಕುಂಡದ ತಳದ ತೂತು ಕಟ್ಟಿದೆಯಾ ನೋಡಿ, ಕೆಳಗಿನ ತಟ್ಟೆ ತೆಗೆದುಹಾಕಿ. ನೆಲದಲ್ಲಾದರೆ ನೀರು ಹರಿದುಹೋಗಲು ಸಣ್ಣ ಕಾಲುವೆ ಬಿಡಿಸಿ. ಆಮೇಲೆ ಗಿಡವನ್ನು ಮೆಲ್ಲಗೆ ಓರೆ ಮಾಡಿ ಒಂದಿಷ್ಟು ಬೇರು ನೋಡಿ. ಬೆಳ್ಳಗೆ, ಗಟ್ಟಿಯಾಗಿದ್ದರೆ ಬದುಕುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸಿಪ್ಪೆ ಜಾರಿ, ಕೊಳೆತ ವಾಸನೆ ಬಂದರೆ ಬೇರು ಕೊಳೆತಿದೆ. ಅರ್ಧಕ್ಕಿಂತ ಜಾಸ್ತಿ ಕೊಳೆತಿದ್ದರೆ ತರಕಾರಿ ಗಿಡವನ್ನು ಉಳಿಸಲು ಹೆಣಗುವುದಕ್ಕಿಂತ ಹೊಸ ಸಸಿ ನೆಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಮಣ್ಣಿನ ತೇವವೂ ಹದವಾಗಿದೆ, ಎಲೆಯೂ ಹಸಿರಾಗಿದೆ, ಆದರೂ ಟೊಮೆಟೊ ಅಥವಾ ಬದನೆ ಗಿಡ ಎರಡು ಮೂರು ದಿನದಲ್ಲಿ ಪೂರ್ತಿ ಕುಸಿಯಿತು ಎಂದರೆ ಸೊರಗು ರೋಗ ಇರಬಹುದು. ಇದಕ್ಕೊಂದು ಒಳ್ಳೆಯ ಮನೆಪರೀಕ್ಷೆ ಇದೆ. ಬುಡದ ಹತ್ತಿರದಿಂದ ಮೂರು ಇಂಚು ಕಾಂಡ ಕತ್ತರಿಸಿ, ಪಾರದರ್ಶಕ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಎಳೆ ಬರದೆ, ಕಾಂಡದ ಒಳಭಾಗ ಮಾತ್ರ ಕಂದಾಗಿದ್ದರೆ ಶಿಲೀಂಧ್ರದ ಸೊರಗು ರೋಗದ ಸಾಧ್ಯತೆ ಹೆಚ್ಚು.

ಇಲ್ಲಿ ನಿಲ್ಲಿಸಿ. ಬ್ಯಾಕ್ಟೀರಿಯಾದ ಸೊರಗಿಗೆ ಹೊಡೆಯುವ ಔಷಧಿ ಇಲ್ಲ. ಗಿಡವನ್ನು ಬೇರು ಸಮೇತ ತೆಗೆದು ಕಸಕ್ಕೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಕತ್ತರಿಯನ್ನು ಸ್ಪಿರಿಟ್ಟಿನಿಂದ ಒರೆಸಿ. ಆ ಜಾಗದಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ನೆಡಬೇಡಿ. ಅಲ್ಲಿಂದ ಹರಿಯುವ ನೀರು ಬೇರೆ ಮಡಿಗೆ ಹೋಗದಂತೆ ನೋಡಿಕೊಳ್ಳಿ, ಏಕೆಂದರೆ ಈ ರೋಗ ನೀರಿನ ಜೊತೆ, ಮಣ್ಣಿನ ಜೊತೆ ಸಾಗುತ್ತದೆ.

ಎಲೆ ಹಳದಿಯಾಗುತ್ತಿದೆ

ಯಾವ ಎಲೆ ಎಂಬುದರಲ್ಲೇ ಉತ್ತರ ಇದೆ.

ಕೆಳಗಿನ ಹಳೆಯ ಎಲೆಗಳು ಒಂದೇ ಸಮ ಹಳದಿಯಾದರೆ ಸಾರಜನಕದ ಕೊರತೆ. ಜೋರು ಮಳೆಯ ವಾರದ ನಂತರ ಇದು ತುಂಬಾ ಸಾಮಾನ್ಯ, ಏಕೆಂದರೆ ನೈಟ್ರೇಟ್ ರೂಪದ ಸಾರಜನಕ ನೀರಿನ ಜೊತೆ ಬೇರಿಗಿಂತ ಕೆಳಗೆ ಇಳಿದುಹೋಗುತ್ತದೆ. ಗಿಡ ಚಿಗುರನ್ನು ಉಳಿಸಿಕೊಳ್ಳಲು ಹಳೆಯ ಎಲೆಯಿಂದ ಅದನ್ನು ಎಳೆದುಕೊಳ್ಳುತ್ತದೆ. ಮಣ್ಣು ಸ್ವಲ್ಪ ಆರಿದ ಮೇಲೆ ಕಾಂಪೋಸ್ಟ್ ಕೊಡಿ. ಮಣ್ಣು ಇನ್ನೂ ಕೆಸರಾಗಿರುವಾಗ ಗೊಬ್ಬರ ಹಾಕಿದರೆ ಅದೂ ತೊಳೆದುಹೋಗುತ್ತದೆ. ಬುಡದ ಒಂದೆರಡು ಎಲೆ ಮಾತ್ರ ಹಣ್ಣಾಗಿ ಉದುರುತ್ತಿದ್ದು, ಮೇಲೆ ಗಿಡ ಸೊಂಪಾಗಿದ್ದರೆ ಅದು ವಯಸ್ಸಾದ ಎಲೆ ಅಷ್ಟೆ.

ಹಳೆಯ ಎಲೆಯಲ್ಲಿ ನರ ಹಸಿರಾಗಿ ಉಳಿದು ನಡುವಿನ ಜಾಗ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಇದೇ ಚಿತ್ರ ಹೊಸ ಚಿಗುರಿನಲ್ಲಿ ಕಂಡರೆ ಕಬ್ಬಿಣದ ಕೊರತೆ. ಇಲ್ಲಿ ನಗರದ ತೋಟಗಳಿಗೇ ವಿಶೇಷವಾದ ಕಾರಣವೊಂದಿದೆ. ಮನೆ ಕಟ್ಟುವಾಗ ಉಳಿದ ಸಿಮೆಂಟು, ಗಾರೆ, ಇಟ್ಟಿಗೆ ಚೂರುಗಳನ್ನು ಅಲ್ಲೇ ಹೂತು ಮೇಲೆ ಒಂದು ಪದರ ಮಣ್ಣು ಹರಡಿರುತ್ತಾರೆ. ಸಿಮೆಂಟಿನ ಸುಣ್ಣ ಮಣ್ಣನ್ನು ಕ್ಷಾರ ಮಾಡುತ್ತದೆ. ಗಡಸು ಬೋರ್‌ವೆಲ್ ನೀರು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಮಣ್ಣಿನ ಪಿಎಚ್ (ಹುಳಿ, ಕ್ಷಾರದ ಅಳತೆ; 7 ನಡುಮಟ್ಟ) 7.5 ದಾಟಿದರೆ ಕಬ್ಬಿಣ ಮಣ್ಣಿನಲ್ಲಿದ್ದೂ ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ. ಗುಲಾಬಿ, ನಿಂಬೆ ಗಿಡಗಳು ಇದನ್ನು ಬೇಗ ತೋರಿಸುತ್ತವೆ. ಗೋಡೆಯ ಪಕ್ಕದಲ್ಲಿ ಒಂದಡಿ ಅಗೆದು ನೋಡಿ. ಗಾರೆ ಚೂರು ಸಿಕ್ಕರೆ ಗೊಬ್ಬರದ ಚೀಲ ಬದಲಿಸುವುದರಿಂದ ಏನೂ ಆಗುವುದಿಲ್ಲ. ಚೂರು ಆರಿಸಿ ತೆಗೆಯಿರಿ, ಪ್ರತಿ ಹಂಗಾಮಿನಲ್ಲೂ ಕಾಂಪೋಸ್ಟ್ ಸೇರಿಸಿ, ಇಲ್ಲವೇ ಎತ್ತರಿಸಿದ ಮಡಿ ಕಟ್ಟಿ ಹೊಸ ಮಣ್ಣು ತುಂಬಿ. ತಾತ್ಕಾಲಿಕವಾಗಿ ಕೀಲೇಟ್ ರೂಪದ, ಅಂದರೆ ಕ್ಷಾರ ಮಣ್ಣಿನಲ್ಲೂ ಬೇರಿಗೆ ಸಿಗುವಂತೆ ತಯಾರಿಸಿದ, ಕಬ್ಬಿಣ ಕೊಡಬಹುದು. ಆದರೆ ಚಿಗುರು ಹಳದಿಯಾಗಲು ಒದ್ದೆ, ತಣ್ಣನೆಯ ಮಣ್ಣೂ ಕಾರಣವಾಗುತ್ತದೆ. ಹಾಗಾಗಿ ಮಳೆಯ ವಾರದಲ್ಲಿ ಕಂಡರೆ ಮಣ್ಣು ಆರುವ ತನಕ ಕಾಯಿರಿ.

ಎಲೆಯಲ್ಲಿ ಹಳದಿ ಹಸಿರು ಕಲೆಸಿದಂತಾಗಿ, ಚಿಗುರು ಮುದುಡಿ, ಗಿಡ ಕುಳ್ಳಾಗಿ ನಿಂತರೆ ವೈರಸ್ ಇರಬಹುದು. ಎಲೆ ಅಲುಗಿಸಿದಾಗ ಬಿಳಿ ನೊಣಗಳು ಹಾರಿದರೆ ಅನುಮಾನ ಗಟ್ಟಿಯಾಗುತ್ತದೆ. ವೈರಸ್ ತಗುಲಿದ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ತೆಗೆಯಬೇಕು.

ಹೂವು ಬರುತ್ತದೆ, ಕಾಯಿ ಕಟ್ಟುವುದಿಲ್ಲ

ಕೈತೋಟದಲ್ಲಿ ಇಷ್ಟು ನಿರಾಸೆ ಕೊಡುವ ತೊಂದರೆ ಇನ್ನೊಂದಿಲ್ಲ. ಗಿಡ ಆರೋಗ್ಯವಾಗಿ ಕಾಣುತ್ತದೆ, ಹೂವಿಗೂ ಬರ ಇಲ್ಲ, ಆದರೆ ಎಲ್ಲ ಉದುರುತ್ತದೆ. ಗೊಬ್ಬರ, ಟಾನಿಕ್, ಹಾರ್ಮೋನು ಎಂದು ಖರ್ಚು ಮಾಡುವ ಮೊದಲು ಥರ್ಮಾಮೀಟರು ನೋಡಿ. ಅದರಲ್ಲೂ ರಾತ್ರಿಯ ಉಷ್ಣಾಂಶ ನೋಡಿ.

ಟೊಮೆಟೊದಲ್ಲಿ ರಾತ್ರಿಯ ಉಷ್ಣಾಂಶ ಸುಮಾರು 13 ಡಿಗ್ರಿಗಿಂತ ಕೆಳಗಿಳಿದರೆ ಅಥವಾ 21ರಿಂದ 24 ಡಿಗ್ರಿಗಿಂತ ಮೇಲೇ ಉಳಿದರೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಹಗಲು 32 ಡಿಗ್ರಿ ದಾಟಿದ ದಿನಗಳು ಸಾಲಾಗಿ ಬಂದರೂ ಅಷ್ಟೇ. ಪರಾಗ ದುರ್ಬಲವಾಗುತ್ತದೆ, ಹೂವು ಮೂರು ನಾಲ್ಕು ದಿನದಲ್ಲಿ ತೊಟ್ಟು ಸಮೇತ ಉದುರುತ್ತದೆ. ನಗರದ ಗೋಡೆಗಳು ರಾತ್ರಿ ಬಿಸಿ ಬಿಡುತ್ತವೆ ಎಂದೆನಲ್ಲ, ಅದರ ಪೆಟ್ಟು ಬೀಳುವುದು ಇಲ್ಲೇ. ಊರಾಚೆಯ ಹೊಲದಲ್ಲಿ ಕಾಯಿ ಕಟ್ಟುವ ಅದೇ ತಳಿ, ಅದೇ ವಾರ, ನಿಮ್ಮ ತಾರಸಿಯಲ್ಲಿ ಬರೀ ಹೂ ಉದುರಿಸಬಹುದು. ತಳಿ ಕೆಟ್ಟದ್ದಲ್ಲ, ಬೀಜದ ಅಂಗಡಿಯವರ ಮೋಸವೂ ಅಲ್ಲ.

ಹಾಗಿದ್ದರೆ ಏನು ಮಾಡುವುದು? ಕುಂಡವನ್ನು ಬಿಸಿ ಗೋಡೆಯಿಂದ ದೂರ ಸರಿಸಿ, ಗಾಳಿ ಓಡಾಡುವ ಕಡೆ ಇಡಿ. ಮಧ್ಯಾಹ್ನಕ್ಕೆ ನೆರಳುಬಲೆ ಕಟ್ಟಿ. ತೇವ ಏರಿಳಿಯದಂತೆ ನೋಡಿಕೊಳ್ಳಿ. ಉಳಿದದ್ದು ಕಾಯುವ ಕೆಲಸ. ಗಿಡ ಬದುಕಿದ್ದರೆ ರಾತ್ರಿ ತಂಪಾದ ಮೇಲೆ ಬರುವ ಹೂವು ಕಾಯಿ ಕಟ್ಟುತ್ತದೆ. ಮುಂದಿನ ಸಲ ಬಿತ್ತನೆಯ ದಿನವನ್ನೇ ಬದಲಿಸಿ. ಸೆಕೆಯ ರಾತ್ರಿಗಳು ಯಾವಾಗ ಶುರುವಾದವು ಎಂದು ಬರೆದಿಟ್ಟುಕೊಂಡಿದ್ದರೆ, ಅದಕ್ಕೆ ಎರಡು ತಿಂಗಳು ಮುಂಚೆ ಸಸಿ ನೆಲದಲ್ಲಿರುವಂತೆ ಲೆಕ್ಕ ಹಾಕಬಹುದು.

ಉಷ್ಣಾಂಶ ಸರಿಯಿದ್ದೂ ಕಾಯಿ ಕಟ್ಟದಿದ್ದರೆ ಪರಾಗಸ್ಪರ್ಶ ನೋಡಿ. ಸೌತೆ, ಕುಂಬಳ, ಸೋರೆ, ಹೀರೆ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಮೊದಲ ಒಂದೆರಡು ವಾರ ಬರುವುದು ಹೆಚ್ಚಾಗಿ ಗಂಡು ಹೂವೇ, ಅವು ಉದುರಿದರೆ ಚಿಂತೆ ಬೇಡ. ಹೆಣ್ಣು ಹೂವಿನ ಹಿಂದಿನ ಪುಟ್ಟ ಕಾಯಿ ಹಳದಿಯಾಗಿ ಮುರುಟಿದರೆ ಪರಾಗ ತಲುಪಿಲ್ಲ. ಜಿಟಿಜಿಟಿ ಮಳೆಯಲ್ಲಿ, ಜೋರು ಗಾಳಿಯಲ್ಲಿ ಜೇನು ಹೊರಗೆ ಬರುವುದಿಲ್ಲ. ಆಗ ನೀವೇ ಆ ಕೆಲಸ ಮಾಡಿ. ಗಂಡು ಹೂವಿನ ದಳ ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಸವರಿ. ಸೌತೆ, ಕುಂಬಳಕ್ಕೆ ಬೆಳಗಿನ ಹೊತ್ತು. ಹೀರೆ, ಸೋರೆ ಹೂವು ಸಂಜೆ ಅರಳುವುದರಿಂದ ಅವಕ್ಕೆ ಸಂಜೆ. ಟೊಮೆಟೊ, ಮೆಣಸಿನಕಾಯಿ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಒಟ್ಟಿಗೆ ಇರುತ್ತವೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು.

ಗಿಡ ಕಡು ಹಸಿರಾಗಿ, ಎಲೆ ಸೊಕ್ಕಿ, ಹೂವೇ ಕಡಿಮೆ ಇದ್ದರೆ ಸಾರಜನಕ ಜಾಸ್ತಿಯಾಗಿದೆ. ಗೊಬ್ಬರ ನಿಲ್ಲಿಸಿ.

ಕಾಯಿಯ ತಳ ಕಪ್ಪಾಗುತ್ತದೆ, ಅಥವಾ ಹಣ್ಣು ಬಿರಿಯುತ್ತದೆ

ಟೊಮೆಟೊ ಕಾಯಿಯ ತುದಿಯಲ್ಲಿ ಚರ್ಮದಂಥ ಕಪ್ಪು ಮಚ್ಚೆ ಬಿದ್ದರೆ ಅದು ರೋಗವಲ್ಲ. ಕಾಯಿಗೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ತಲುಪಿಲ್ಲ. ಕ್ಯಾಲ್ಸಿಯಂ ನೀರಿನ ಜೊತೆ ಮಾತ್ರ ಬೇರಿನಿಂದ ಮೇಲೇರುತ್ತದೆ. ಎರಡು ದಿನ ಒಣಗಿಸಿ ಮೂರನೇ ದಿನ ಸುರಿದರೆ, ಆ ಏರಿಳಿತದಲ್ಲಿ ಬೆಳೆಯುವ ಕಾಯಿಯ ತುದಿಗೆ ಅದು ಸಿಗುವುದಿಲ್ಲ. ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೂ ಹೀಗಾಗುತ್ತದೆ. ಆದ್ದರಿಂದ ಮೊದಲು ಸರಿಪಡಿಸಬೇಕಾದ್ದು ನೀರಿನ ಕ್ರಮ. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕುವವರು ಬಹಳ. ಚಿಪ್ಪು ಕರಗಲು ತಿಂಗಳುಗಳೇ ಬೇಕು, ಈ ಸಲದ ಕಾಯಿಗೆ ಅದರಿಂದ ಉಪಯೋಗವಿಲ್ಲ.

ಒಣಹವೆಯ ನಂತರ ಜೋರು ಮಳೆ ಬಂದು ಹಣ್ಣು ಬಿರಿದರೆ ಕಾರಣ ಅದೇ ಏರಿಳಿತ. ಒಳಗಿನ ತಿರುಳು ಹಿಗ್ಗಿದಷ್ಟು ಬೇಗ ಸಿಪ್ಪೆ ಹಿಗ್ಗುವುದಿಲ್ಲ. ಮಳೆಯ ಸೂಚನೆ ಇದ್ದರೆ ಬಣ್ಣ ತಿರುಗಿದ ಹಣ್ಣುಗಳನ್ನು ಮೊದಲೇ ಕೊಯ್ದು ಒಳಗೆ ಇಡಿ, ಅಲ್ಲೇ ಹಣ್ಣಾಗುತ್ತವೆ.

ಎಲೆ ಸುಟ್ಟಂತಾಗಿದೆ

ಸುಟ್ಟದ್ದು ಯಾವ ಕಡೆ? ಬಿಸಿಲಿಗೆ ಮುಖ ಮಾಡಿದ ಎಲೆಗಳಲ್ಲಿ ಮಾತ್ರ ಬಿಳಿಚಿದ, ಕಾಗದದಂತೆ ಒಣಗಿದ ಮಚ್ಚೆ ಇದ್ದರೆ ಬಿಸಿಲಿನ ಸುಡುಗಾಯ. ನೆರಳಿನಲ್ಲಿ ಬೆಳೆಸಿದ ಸಸಿಯನ್ನು ನೇರ ಬಿಸಿಲಿಗೆ ತಂದರೆ, ಮೋಡದ ವಾರದ ನಂತರ ಒಮ್ಮೆಲೇ ಸುಡುಬಿಸಿಲು ಬಂದರೆ ಹೀಗಾಗುತ್ತದೆ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಆದರೆ ಹೊಸ ಎಲೆ ಚೆನ್ನಾಗಿ ಬಂದರೆ ಗಿಡ ಒಗ್ಗಿಕೊಂಡಿದೆ. ಹೊಸ ಸಸಿಯನ್ನು ಮೊದಲ ದಿನ ಒಂದೆರಡು ಗಂಟೆ ಬೆಳಗಿನ ಬಿಸಿಲಿಗೆ ಇಟ್ಟು, ದಿನದಿನಕ್ಕೆ ಹೆಚ್ಚಿಸುತ್ತಾ ಒಂದು ವಾರದಿಂದ ಹತ್ತು ದಿನದಲ್ಲಿ ಪೂರ್ತಿ ಬಿಸಿಲಿಗೆ ತನ್ನಿ.

ಎಲ್ಲ ಎಲೆಗಳ ತುದಿ ಮತ್ತು ಅಂಚು ಕಂದಾಗಿ, ಕುಂಡದ ಬಾಯಲ್ಲಿ ಬಿಳಿ ಪದರ ಕಟ್ಟಿದ್ದರೆ ಉಪ್ಪು ಸೇರಿಕೊಂಡಿದೆ. ಬಿಸಿಲುಗಾಲದಲ್ಲಿ ನೀರು ಆವಿಯಾಗುತ್ತದೆ, ಅದರಲ್ಲಿದ್ದ ಉಪ್ಪು ಮತ್ತು ಗೊಬ್ಬರದ ಅಂಶ ಉಳಿಯುತ್ತದೆ. ಮೇಲಿನ ಬಿಳಿ ಪದರ ಕೆರೆದು ತೆಗೆದು, ತಳದಿಂದ ಧಾರಾಳವಾಗಿ ಹರಿದುಹೋಗುವಂತೆ ಎರಡು ಮೂರು ಸಲ ನೀರು ಕೊಡಿ. ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಗಾಳಿ ಬೀಸುವ ಬದಿಯ ಎಲೆ ಮಾತ್ರ ಹರಿದು ಒಣಗಿದ್ದರೆ ಗಾಳಿಗೆ ಅಡ್ಡವಾಗಿ ಬಲೆ ಕಟ್ಟಿ. ಗಟ್ಟಿ ಗೋಡೆ ಕಟ್ಟಿದರೆ ಗಾಳಿ ಅದರ ಮೇಲಿನಿಂದ ಸುಳಿ ತಿರುಗಿ ಬೀಳುತ್ತದೆ.

ಬಿಳಿ ಪುಡಿ, ಕಂದು ಮಚ್ಚೆ

ಎಲೆಯ ಮೇಲೆ ಹಿಟ್ಟು ಉದುರಿಸಿದಂತೆ ಕಂಡರೆ ಬೂದಿ ರೋಗ. ಇದು ಮಳೆಯ ರೋಗವಲ್ಲ. ಒಣ ಹಗಲು, ತೇವದ ತಂಪು ರಾತ್ರಿ ಇದಕ್ಕೆ ಇಷ್ಟ. ಎಲೆಯ ಮೇಲೆ ನೀರು ನಿಂತರೆ ಇದರ ಬೀಜಕಗಳಿಗೇ (ಶಿಲೀಂಧ್ರ ಹರಡುವ ಬೀಜದಂಥ ಕಣಗಳಿಗೇ) ತೊಂದರೆ. ಗಾಳಿಯಾಡುವಂತೆ ಕೊಂಬೆ ಬಿಡಿಸಿ, ಹೆಚ್ಚು ತಗುಲಿದ ಎಲೆ ತೆಗೆಯಿರಿ. ಬೇಕಾದರೆ ನೀರಿನಲ್ಲಿ ಕರಗುವ ಗಂಧಕ ಹೊಡೆಯಬಹುದು. ಆದರೆ ಉಷ್ಣಾಂಶ 32 ಡಿಗ್ರಿ ಹತ್ತಿರ ಇರುವ ದಿನ ಬೇಡ, ಎಲೆ ಸುಡುತ್ತದೆ. ಬೇವಿನೆಣ್ಣೆಯಂಥ ಎಣ್ಣೆ ಹೊಡೆದ ಎರಡು ವಾರದೊಳಗೂ ಗಂಧಕ ಬೇಡ.

ಸೌತೆ ಎಲೆಯ ಮೇಲೆ ನರಗಳ ನಡುವೆ ಕೋನಕೋನವಾದ ಹಳದಿ ಮಚ್ಚೆ, ಕೆಳಗೆ ಬೂದು ಬಣ್ಣದ ಬೂಷ್ಟು ಇದ್ದರೆ ಅದು ಬೇರೆ ರೋಗ, ಕೇದಿಗೆ ರೋಗ. ಇದಕ್ಕೆ ಒದ್ದೆ ಎಲೆ ಬೇಕು. ಬೆಳಿಗ್ಗೆ ಬುಡಕ್ಕೆ ಮಾತ್ರ ನೀರು ಕೊಡುವುದು, ಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸುವುದು ಇದರ ಅರ್ಧ ಚಿಕಿತ್ಸೆ.

ತಂಪು, ಮೋಡ, ಬಿಡದ ತುಂತುರು, ಇವು ಮೂರೂ ಸೇರಿದಾಗ ಟೊಮೆಟೊ ಮತ್ತು ಆಲೂಗಡ್ಡೆಯನ್ನು ದಿನಾ ನೋಡಿ. ನೀರಿನಲ್ಲಿ ನೆಂದಂತೆ ಕಾಣುವ ಕಪ್ಪು ಮಚ್ಚೆ ಬೇಗ ಬೇಗ ದೊಡ್ಡದಾಗಿ, ಬೆಳಗಿನ ಹೊತ್ತು ಎಲೆಯಡಿ ಮಚ್ಚೆಯ ಅಂಚಿಗೆ ಬಿಳಿ ಬೂಷ್ಟು ಕಂಡರೆ ಅಂಗಮಾರಿ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ನಾಶ ಮಾಡಿ ಮಹಾಕ್ಷಾಮಕ್ಕೆ ಕಾರಣವಾದದ್ದು ಇದೇ ರೋಗ. ಇದರ ಬೀಜಕ ಗಾಳಿಯಲ್ಲಿ ದೂರ ಹೋಗುತ್ತದೆ. ಒಂದು ಮಡಿ ಪೂರ್ತಿ ಹೋಗಲು ಒಂದೆರಡು ವಾರ ಸಾಕು. ಆದ್ದರಿಂದ ಇಲ್ಲಿ ಕಾದು ನೋಡುವುದು ಬೇಡ. ತಗುಲಿದ ಗಿಡ ತೆಗೆದು ಚೀಲದಲ್ಲಿ ಕಟ್ಟಿ, ಪಕ್ಕದ ಮನೆಯವರಿಗೂ ಹೇಳಿ, ಅದೇ ದಿನ ತೋಟಗಾರಿಕೆ ತಜ್ಞರನ್ನು ಕೇಳಿ.

ಎಲೆಯ ತುಂಬಾ ಸಣ್ಣ ಸಣ್ಣ ಬಿಳಿ ಚುಕ್ಕಿ ಬಿದ್ದು ಎಲೆ ಮಂಕಾದರೆ ಅದು ರೋಗವಲ್ಲದೆ ನುಸಿ ಇರಬಹುದು. ಬಿಸಿ, ಒಣಹವೆಯಲ್ಲಿ ನುಸಿ ಬೇಗ ಹೆಚ್ಚುತ್ತದೆ. ಬಿಳಿ ಕಾಗದದ ಮೇಲೆ ಎಲೆ ಕುಟ್ಟಿ. ಚುಕ್ಕಿಗಳು ನಡೆದಾಡಿದರೆ ನುಸಿ. ಎಲೆಯ ಕೆಳಬದಿಗೆ ಎರಡು ದಿನಕ್ಕೊಮ್ಮೆ ಜೋರಾಗಿ ನೀರು ಹೊಡೆಯುವುದೇ ಒಳ್ಳೆಯ ಆರಂಭ.

ಬೀಜ ಮೊಳೆಯಲಿಲ್ಲ, ಸೊಪ್ಪು ಬೇಗ ಹೂ ಬಿಟ್ಟಿತು

ಎರಡೂ ಕಾಲ ತಪ್ಪಿದ ಗುರುತು. ಬೆಂಡೆ, ಮೆಣಸಿನಕಾಯಿ ಬೀಜಕ್ಕೆ ಬೆಚ್ಚಗಿನ ಮಣ್ಣು ಬೇಕು, 15 ಡಿಗ್ರಿಗಿಂತ ತಣ್ಣಗಿದ್ದರೆ ಕೊಳೆಯುತ್ತದೆ. ಲೆಟಿಸ್ ಬೀಜ ಇದಕ್ಕೆ ಉಲ್ಟಾ, ಮಣ್ಣು 30 ಡಿಗ್ರಿ ದಾಟಿದರೆ ಮಲಗಿಬಿಡುತ್ತದೆ. ಉಳಿದ ಬೀಜದಲ್ಲಿ ಹತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಅಲ್ಲಿ ಏಳೆಂಟು ಮೊಳೆತರೆ ದೋಷ ಬೀಜದ್ದಲ್ಲ, ಮಣ್ಣಿನದ್ದು. ಮೊಳೆತ ಸಸಿ ಬುಡದಲ್ಲಿ ಸಪೂರವಾಗಿ ಮಗುಚಿ ಬಿದ್ದರೆ ತೇವ ಜಾಸ್ತಿ, ಗಾಳಿ ಕಡಿಮೆ. ಕೊತ್ತಂಬರಿ, ಪಾಲಕ್ ಬಿಸಿ ಹೆಚ್ಚಾದಾಗ, ಹಗಲು ಉದ್ದವಾದಾಗ ಹೂ ಬಿಡುತ್ತವೆ. ಒಮ್ಮೆ ಹೂಕಾಂಡ ಎದ್ದ ಮೇಲೆ ಚಿವುಟಿದರೂ ಎಲೆಗೆ ಮರಳುವುದಿಲ್ಲ.

ಒಂದೇ ರಾತ್ರಿಯಲ್ಲಿ ಎಲೆ ಕಪ್ಪಾಯಿತು

ಚಳಿ ಕಡಿಮೆ ಇರುವ ಊರಿನವರು ಇದನ್ನು ಬಿಟ್ಟು ಮುಂದೆ ಓದಬಹುದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತದೆ. ಮುನ್ಸೂಚನೆ 3 ಡಿಗ್ರಿ ಎಂದಿದ್ದರೂ ನೆಲದ ಮಟ್ಟದಲ್ಲಿ ಹಿಮ ಕಟ್ಟಬಹುದು. ತಣ್ಣನೆಯ ಗಾಳಿ ಭಾರವಾದ್ದರಿಂದ ತಗ್ಗಿನ ಮೂಲೆಯಲ್ಲಿ ನಿಲ್ಲುತ್ತದೆ. ಸಂಜೆಯೇ ಹತ್ತಿ ಬಟ್ಟೆ ಹೊದಿಸಿ, ಅಂಚು ನೆಲ ಮುಟ್ಟಲಿ, ಬೆಳಿಗ್ಗೆ ತೆಗೆಯಿರಿ. ಕಪ್ಪಾದ ಭಾಗವನ್ನು ತಕ್ಷಣ ಕತ್ತರಿಸಬೇಡಿ. ಅದು ಒಳಗಿನ ಮೊಗ್ಗಿಗೆ ಮರೆ, ಹಿಮದ ದಿನಗಳು ಮುಗಿದು ಚಿಗುರು ಬರುವ ತನಕ ಇರಲಿ.

ಬಿರುಗಾಳಿ, ಆಲಿಕಲ್ಲು, ನೆರೆ ನೀರಿನ ಮರುದಿನ

ಗಿಡಕ್ಕಿಂತ ಮೊದಲು ನಿಮ್ಮ ಜೀವ ನೋಡಿಕೊಳ್ಳಿ. ಗುಡುಗು ಕೇಳಿಸುತ್ತಿದ್ದರೆ ತೋಟಕ್ಕೂ ತಾರಸಿಗೂ ಹೋಗಬೇಡಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಕೊಂಬೆ ವಿದ್ಯುತ್ ತಂತಿಗೆ ತಾಗಿದ್ದರೆ, ತಂತಿ ನೆಲಕ್ಕೆ ಬಿದ್ದಿದ್ದರೆ ಹತ್ತಿರ ಹೋಗಲೇಬೇಡಿ. ಕೋಲಿನಿಂದಲೂ ಮುಟ್ಟಬೇಡಿ. ವಿದ್ಯುತ್ ಕಚೇರಿಗೆ ಫೋನ್ ಮಾಡಿ. ಮರ ಹೊಸದಾಗಿ ವಾಲಿದ್ದರೆ, ಬುಡದ ಮಣ್ಣು ಉಬ್ಬಿ ಬಿರುಕು ಬಿಟ್ಟಿದ್ದರೆ ಅದು ಬೀಳಬಹುದು. ಏಣಿ ಹಾಕಿ ನೀವೇ ಕಡಿಯಲು ಹೋಗದೆ, ಮರ ಕಡಿಯುವ ಕೆಲಸ ಬಲ್ಲವರನ್ನು ಕರೆಸಿ.

ಚರಂಡಿ ಸೇರಿದ ನೆರೆ ನೀರು ತೋಟಕ್ಕೆ ನುಗ್ಗಿದ್ದರೆ ಮುಳುಗಿದ ಸೊಪ್ಪು, ಹಸಿಯಾಗಿ ತಿನ್ನುವ ತರಕಾರಿ ಯಾವುದನ್ನೂ ತಿನ್ನಬೇಡಿ. ಎಷ್ಟು ತೊಳೆದರೂ ಸಾಲದು. ಕೈಗವಸು, ಬೂಟು ಇಲ್ಲದೆ ಆ ಮಣ್ಣಿಗೆ ಇಳಿಯಬೇಡಿ. ಒದ್ದೆ ಮಣ್ಣನ್ನು ಅಗೆಯುವ ಆತುರವೂ ಬೇಡ. ಒಂದು ಹಿಡಿ ಮಣ್ಣು ಉಂಡೆ ಮಾಡಿ ಬೆರಳಿನಿಂದ ಒತ್ತಿ. ಪುಡಿಯಾದರೆ ಅಗೆಯಬಹುದು, ಮೆತ್ತಿಕೊಂಡರೆ ಇನ್ನೂ ಕಾಯಬೇಕು. ನೀರು ನಿಂತ ತಟ್ಟೆ, ಬಕೆಟ್‌ಗಳನ್ನು ವಾರಕ್ಕೊಮ್ಮೆಯಾದರೂ ಬರಿದು ಮಾಡಿ ಉಜ್ಜಿ. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸೆಕೆಯಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು.

ಔಷಧಿ ಹೊಡೆಯಲೇಬೇಕಾದರೆ

ರೋಗ ಅಥವಾ ಕೀಟ ಯಾವುದೆಂದು ಗೊತ್ತಾದ ಮೇಲೆ ಮಾತ್ರ. ಗಾಳಿ ಬೀಸುವಾಗ, ನಡು ಮಧ್ಯಾಹ್ನ, ಮಳೆ ಬರುವ ಮುಂಚೆ ಬೇಡ. ಜೇನು ಹಾರಾಡುವ ಹೊತ್ತಿನಲ್ಲೂ ಬೇಡ. ಚೀಟಿಯಲ್ಲಿ ಬರೆದ ಪ್ರಮಾಣ ಮೀರಬೇಡಿ, ಎರಡು ಔಷಧಿ ನಿಮ್ಮಷ್ಟಕ್ಕೆ ಬೆರೆಸಬೇಡಿ. ಹೊಡೆದ ಎಷ್ಟು ದಿನದ ನಂತರ ಕೊಯ್ಯಬಹುದು ಎಂಬುದೂ ಅದೇ ಚೀಟಿಯಲ್ಲಿ ಇರುತ್ತದೆ. ಕೈಗವಸು, ಮಾಸ್ಕು, ಉದ್ದ ತೋಳಿನ ಅಂಗಿ ಇರಲಿ. ಉಳಿದದ್ದನ್ನು ಕುಡಿಯುವ ನೀರಿನ ಬಾಟಲಿಗೆ ಎಂದೂ ತುಂಬಬೇಡಿ. ಮಕ್ಕಳ ಜೀವ ಹೋಗಿರುವುದು ಇಂಥ ಬಾಟಲಿಗಳಿಂದ. ಯಾರಿಗಾದರೂ ತಲೆಸುತ್ತು, ವಾಂತಿ, ಉಸಿರಾಟದ ತೊಂದರೆ ಕಂಡರೆ ಡಬ್ಬಿಯನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ.

ತಜ್ಞರ ಹತ್ತಿರ ಯಾವಾಗ, ಏನು ಹಿಡಿದು ಹೋಗಬೇಕು

ಹವೆ ಸರಿಹೋಗಿ ಎರಡು ವಾರವಾದರೂ ಹೊಸ ಎಲೆಯಲ್ಲಿ ತೊಂದರೆ ಮುಂದುವರಿದರೆ, ಗಿಡದಿಂದ ಗಿಡಕ್ಕೆ ಹರಡುತ್ತಿದ್ದರೆ, ಹಲವು ವರ್ಷದ ಮರ ಒಂದು ಬದಿಯಿಂದ ಒಣಗುತ್ತಾ ಬಂದರೆ ಕೇಳುವುದು ಒಳ್ಳೆಯದು. ಪೂರ್ತಿ ಸತ್ತ ಎಲೆ ಒಯ್ದರೆ ಅವರಿಗೆ ಏನೂ ತಿಳಿಯುವುದಿಲ್ಲ. ರೋಗ ಈಗಷ್ಟೇ ಶುರುವಾದ, ಅರ್ಧ ಹಸಿರಿರುವ ಎಲೆಗಳನ್ನು ಆರಿಸಿ. ಒದ್ದೆ ಮಾಡದೆ ಒಣ ಕಾಗದದಲ್ಲಿ ಸುತ್ತಿ, ಏಕೆಂದರೆ ಪ್ಲಾಸ್ಟಿಕ್ಕಿನಲ್ಲಿ ಒದ್ದೆಯಾಗಿ ಕಟ್ಟಿದರೆ ದಾರಿಯಲ್ಲೇ ಕೊಳೆತು ಬೇರೆ ಬೂಷ್ಟು ಹಿಡಿಯುತ್ತದೆ. ಜೊತೆಗೆ ಆರೋಗ್ಯವಾದ ಎಲೆ ಒಂದಿರಲಿ, ಬೇರು ಸ್ವಲ್ಪ, ಬೇರಿನ ಹತ್ತಿರದ ಮಣ್ಣು ಒಂದು ಹಿಡಿ. ಇಡೀ ಗಿಡದ ಮತ್ತು ಅದು ನಿಂತ ಜಾಗದ ಫೋಟೋ ತೆಗೆದುಕೊಳ್ಳಿ. ಕಳೆದ ಎರಡು ವಾರದ ಮಳೆ, ಹಗಲು ರಾತ್ರಿಯ ಉಷ್ಣಾಂಶ, ನೀವು ಹಾಕಿದ ಗೊಬ್ಬರ ಮತ್ತು ಔಷಧಿ, ಇಷ್ಟನ್ನು ಒಂದು ಚೀಟಿಯಲ್ಲಿ ದಿನಾಂಕದ ಸಮೇತ ಬರೆದು ಅದರ ಜೊತೆ ಇಡಿ.